ಸಾರಥಿಯಿಲ್ಲದ ಲಾರಿ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್ ರಾಜ್ಯದಲ್ಲಿ ಡಲ್ಲಾಸ್ ಮತ್ತು ಹ್ಯೂಸ್ಟನ್ ಎಂಬ ಎರಡು ಮಹಾನಗರಗಳಿವೆ. ಇವೆರಡನ್ನೂ ಕೂಡಿಸುವ ಹೆದ್ದಾರಿಯ ಉದ್ದ ಸುಮಾರು 385 ಕಿಲೋಮೀಟರು. ಹಗಲಿರುಳೆನ್ನದೆ ಸರಕು ತುಂಬಿದ ಲಾರಿಗಳು ಈ ದಾರಿಯಲ್ಲಿ ಸಾಗುತ್ತಿರುತ್ತವೆ. 2025ನೆಯ ಇಸವಿಯ ಮೇ ತಿಂಗಳ ಮೊದಲ ದಿನ ಅರೋರಾ ಎಂಬ ಸಂಸ್ಥೆಯು, ಈ ದಾರಿಯಲ್ಲಿ ತನ್ನ ಲಾರಿಯೊಂದು ಚಾಲಕನಿಲ್ಲದೆ ಗಿರಾಕಿಗಳ ಸರಕನ್ನು ಸಾಗಿಸತೊಡಗಿದೆ ಎಂದು ಪ್ರಕಟಿಸಿತು. ಮೊದಲ ಪ್ರಯಾಣದಲ್ಲಿ ಸಂಸ್ಥೆಯ ಮುಖ್ಯಸ್ಥರು ಹಿಂದಿನ ಆಸನದಲ್ಲಿ ಪ್ರಯಾಣಿಕರಂತೆ ಕುಳಿತಿದ್ದರು. ಮುಂದಿನ ಆಸನ ಬರಿದಾಗಿತ್ತು. ಅದರ ಎದುರಿಗಿದ್ದ ಸ್ಟಿಯರಿಂಗ್ ಚಕ್ರವು, ಕಾಣದ ಕೈಯೊಂದು ಹಿಡಿದು ತಿರುಗಿಸಿದಂತೆ, ತಾನಾಗಿಯೇ ತಿರುಗುತ್ತಿತ್ತು.

ಈ ಸುದ್ದಿಯನ್ನು ಓದಿ ಕೆಲವರು ಬೆರಗಾದರು, ಕೆಲವರು ಬೆಚ್ಚಿದರು. ಬೆಚ್ಚಿದವರದು ಅಕಾರಣ ಭಯವೆಂದು ಹೇಳಲಾಗದು. ಅಮೆರಿಕದಲ್ಲಿ ಭಾರಿ ಲಾರಿಗಳನ್ನು ನಡೆಸಿ ಜೀವನ ಸಾಗಿಸುವವರ ಸಂಖ್ಯೆ ಸುಮಾರು 22 ಲಕ್ಷ. 2023ರಲ್ಲಿ ಇವರ ನಡುಮಟ್ಟದ ವಾರ್ಷಿಕ ಸಂಪಾದನೆ 54 ಸಾವಿರ ಡಾಲರುಗಳಷ್ಟಿತ್ತು. ಕಾಲೇಜಿನ ಮೆಟ್ಟಿಲು ಹತ್ತದವನು ಸಂಸಾರವನ್ನು ಮರ್ಯಾದೆಯಿಂದ ನಡೆಸಲು ಸಾಕಾಗುವಷ್ಟು ಸಂಬಳ ಕೊಡುವ ಕೆಲಸಗಳು ಅಲ್ಲಿಯೂ ಹೇರಳವಾಗಿಲ್ಲ. ಹೀಗಿರುವಾಗ ಸಾರಥಿಯಿಲ್ಲದ ಲಾರಿ ಬಂದರೆ ಸಾರಥಿಯ ಗತಿಯೇನು? ಉತ್ತರವನ್ನು ಹುಡುಕುವ ಮೊದಲು, ಆ ಲಾರಿಯು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ನೋಡಬೇಕು.

ಮನುಷ್ಯನು ಕಣ್ಣಿನಿಂದ ನೋಡಿ, ಬುದ್ಧಿಯಿಂದ ನಿಶ್ಚಯಿಸಿ, ಕೈಕಾಲುಗಳಿಂದ ವಾಹನವನ್ನು ನಡೆಸುತ್ತಾನೆ. ಯಂತ್ರವೂ ಈ ಮೂರನ್ನೇ ಮಾಡಬೇಕು. ಅದಕ್ಕೆ ಹಲವು ಬಗೆಯ ಕಣ್ಣುಗಳಿವೆ. ಕ್ಯಾಮೆರಾಗಳು ಬಣ್ಣವನ್ನೂ ಫಲಕಗಳನ್ನೂ ಗುರುತಿಸುತ್ತವೆ. ರಾಡಾರ್ ರೇಡಿಯೊ ಅಲೆಗಳಿಂದ ಮುಂದಿನ ವಾಹನದ ವೇಗವನ್ನು ಅಳೆಯುತ್ತದೆ. ಮಂಜು ಕವಿದಾಗಲೂ ಅದು ಕುರುಡಾಗುವುದಿಲ್ಲ. ಲೈಡಾರ್ ಎಂಬ ಮೂರನೆಯ ಸಾಧನವು ಕಣ್ಣಿಗೆ ಕಾಣದ ಬೆಳಕಿನ ಕಿರಣಗಳನ್ನು ಎಲ್ಲ ದಿಕ್ಕಿಗೂ ಬಿಟ್ಟು, ಅವು ವಸ್ತುಗಳಿಗೆ ತಾಗಿ ಮರಳಿ ಬರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕು ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗದಷ್ಟು ಕಾಲದಲ್ಲಿ 30 ಸೆಂಟಿಮೀಟರು ಚಲಿಸುತ್ತದೆ ಎಂಬುದನ್ನು ನೆನೆದರೆ, ಈ ಲೆಕ್ಕ ಎಷ್ಟು ಸೂಕ್ಷ್ಮವಾದುದೆಂದು ನಿಮಗೆ ತಿಳಿಯುತ್ತದೆ. ಕಾರಿಗಿಂತ ಲಾರಿಗೆ ಈ ದೂರದೃಷ್ಟಿ ಹೆಚ್ಚು ಅಗತ್ಯ. ಏಕೆಂದರೆ 36 ಟನ್ ತೂಗುವ ಲಾರಿಯು ಗಂಟೆಗೆ 105 ಕಿಲೋಮೀಟರು ವೇಗದಲ್ಲಿರುವಾಗ, ಬ್ರೇಕು ಹಾಕಿದರೂ ಅದು ನಿಲ್ಲಲು ಸುಮಾರು 160 ಮೀಟರು ದಾರಿ ಬೇಕು.

ಈ ವಿದ್ಯೆ ಒಂದೇ ದಿನದಲ್ಲಿ ಕೈಗೂಡಿದುದಲ್ಲ. 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ಸಂಸ್ಥೆಯೊಂದು ಮೊಹಾವೆ ಮರುಭೂಮಿಯಲ್ಲಿ ಒಂದು ವಿಚಿತ್ರ ಪಂದ್ಯವನ್ನು ಏರ್ಪಡಿಸಿತು. ಮನುಷ್ಯರಿಲ್ಲದ ವಾಹನಗಳು 200 ಕಿಲೋಮೀಟರಿಗೂ ಮೀರಿದ ದಾರಿಯನ್ನು ತಾವಾಗಿಯೇ ಕ್ರಮಿಸಬೇಕಾಗಿತ್ತು. ಗೆದ್ದವರಿಗೆ 10 ಲಕ್ಷ ಡಾಲರು ಬಹುಮಾನ. ಹೊರಟ ವಾಹನಗಳಲ್ಲಿ ಒಂದೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದುದು ಹನ್ನೆರಡು ಕಿಲೋಮೀಟರು ದಾಟುವುದರೊಳಗೆ ಸಿಕ್ಕಿಹಾಕಿಕೊಂಡಿತು. ಮರುವರ್ಷವೇ ನಡೆದ ಎರಡನೆಯ ಪಂದ್ಯದಲ್ಲಿ ಐದು ವಾಹನಗಳು ಕೊನೆ ಮುಟ್ಟಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರು ಗೆದ್ದಿತು. ಐದನೆಯದಾಗಿ, ಗೊತ್ತುಪಡಿಸಿದ ಹೊತ್ತು ಮೀರಿದ ಮೇಲೆ, ನಿಧಾನವಾಗಿ ಬಂದು ತಲಪಿದುದು ಒಂದು ದೈತ್ಯಾಕಾರದ ಲಾರಿ.

ಅಲ್ಲಿಂದ ಮುಂದೆ ಆಸೆಗಳು ಯಂತ್ರಕ್ಕಿಂತ ವೇಗವಾಗಿ ಓಡಿದವು. 2016ರಲ್ಲಿ ಕೊಲರಾಡೊ ರಾಜ್ಯದಲ್ಲಿ ಉಬರ್ ಸಂಸ್ಥೆಗೆ ಸೇರಿದ ಲಾರಿಯೊಂದು ಸುಮಾರು 190 ಕಿಲೋಮೀಟರು ಹೆದ್ದಾರಿಯಲ್ಲಿ ತಾನಾಗಿ ಓಡಿತು. ಚಾಲಕನು ಹಿಂದಿನ ಭಾಗದಲ್ಲಿ ಕುಳಿತಿದ್ದನು. ಇನ್ನೇನು, ಲಾರಿ ಚಾಲಕರ ವೃತ್ತಿ ಮುಗಿಯಿತೆಂದು ಆಗ ಅನೇಕರು ಬರೆದರು. ಎರಡೇ ವರ್ಷಗಳಲ್ಲಿ, 2018ರಲ್ಲಿ, ಉಬರ್ ಆ ವಿಭಾಗವನ್ನೇ ಮುಚ್ಚಿತು. 2019ರಲ್ಲಿ ಫ್ಲಾರಿಡಾದ ಹೆದ್ದಾರಿಯಲ್ಲಿ ಖಾಲಿ ಆಸನದ ಲಾರಿಯನ್ನು ಓಡಿಸಿ ತೋರಿಸಿದ ಸ್ಟಾರ್‌ಸ್ಕಿ ಎಂಬ ಚಿಕ್ಕ ಸಂಸ್ಥೆಯೂ ಮರುವರ್ಷ ಬಾಗಿಲು ಹಾಕಿತು. ಭವಿಷ್ಯ ನುಡಿಯುವವರು ಒಂದು ಸಂಗತಿಯನ್ನು ಮರೆತಿದ್ದರು: ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿಯಾಗಿ ನಡೆಯುವ ಲಾರಿಯನ್ನು ತಯಾರಿಸುವುದು ಕಷ್ಟ, ಉಳಿದ ಒಂದು ಸಲವನ್ನೂ ಸರಿಪಡಿಸುವುದು ಅದಕ್ಕಿಂತ ಎಷ್ಟೋ ಪಾಲು ಕಷ್ಟ.

ಅವರು ಇನ್ನೊಂದನ್ನೂ ಮರೆತಿದ್ದರು. ಅದು ಚಾಲಕನ ಕೆಲಸವೆಂದರೆ ಏನು ಎಂಬುದು. ನಮ್ಮ ಲಾರಿಗಳಲ್ಲಿ ಡ್ರೈವರಿನ ಜೊತೆಗೆ ಬಹುಕಾಲದಿಂದ ಕ್ಲೀನರ್ ಒಬ್ಬನು ಇರುವುದು ವಾಡಿಕೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಬ್ಬನೇ ಎಲ್ಲವನ್ನೂ ನೋಡಿಕೊಳ್ಳಬೇಕು. ಹೊರಡುವ ಮುನ್ನ ಅವನು ಲಾರಿಯ ಸುತ್ತ ನಡೆದು ಟೈರು, ಬ್ರೇಕು, ದೀಪಗಳನ್ನು ಪರೀಕ್ಷಿಸುತ್ತಾನೆ. ಹೊರೆಯು ಅಲುಗದಂತೆ ಸರಪಣಿಯನ್ನೋ ಪಟ್ಟಿಯನ್ನೋ ಬಿಗಿಯುತ್ತಾನೆ. ಹಿಮ ಬಿದ್ದ ಘಟ್ಟದಲ್ಲಿ ಚಕ್ರಗಳಿಗೆ ಸರಪಣಿ ಸುತ್ತುತ್ತಾನೆ. ಸರಕಿನ ಲೆಕ್ಕ ಒಪ್ಪಿಸಿ ರುಜು ಪಡೆಯುತ್ತಾನೆ. ಇಕ್ಕಟ್ಟಾದ ಗೋದಾಮಿನ ಬಾಗಿಲಿಗೆ ಉದ್ದನೆಯ ಲಾರಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸುತ್ತಾನೆ. ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಹತ್ತು ನಿಮಿಷದೊಳಗೆ ರಸ್ತೆಯ ಮೇಲೆ ಎಚ್ಚರಿಕೆಯ ಗುರುತುಗಳನ್ನು ಇಡಬೇಕೆಂದು ಅಲ್ಲಿನ ಕಾನೂನು ವಿಧಿಸುತ್ತದೆ. ಅವನು ಇಳಿದು ಮೂರು ಕೆಂಪು ತ್ರಿಕೋನಗಳನ್ನು ಇಡುತ್ತಾನೆ. ಈ ಚಿಕ್ಕ ಕೆಲಸವೇ ಸಾರಥಿಯಿಲ್ಲದ ಲಾರಿಗೆ ದೊಡ್ಡ ತೊಡಕಾಯಿತು. ಸಾವಿರಾರು ಕೋಟಿ ಖರ್ಚು ಮಾಡಿ ಕಟ್ಟಿದ ಯಂತ್ರ ಹೆದ್ದಾರಿಯಲ್ಲಿ ಓಡಬಲ್ಲುದು. ಆದರೆ ಕೆಳಗಿಳಿದು ಮೂರು ತ್ರಿಕೋನಗಳನ್ನು ಇಡಲಾರದು! ಇಳಿದು ಗುರುತು ಇಡುವ ಬದಲು ಲಾರಿಯ ಮೇಲೆಯೇ ದೀಪಗಳನ್ನು ಮಿನುಗಿಸಲು ಅನುಮತಿ ಕೊಡಬೇಕೆಂದು 2023ರಲ್ಲಿ ಎರಡು ಸಂಸ್ಥೆಗಳು ಸರ್ಕಾರವನ್ನು ಕೇಳಿಕೊಂಡವು. 2024ರ ಕೊನೆಯಲ್ಲಿ ಸರ್ಕಾರ ಒಪ್ಪಲಿಲ್ಲ. ವಿಷಯವು ನ್ಯಾಯಾಲಯದವರೆಗೂ ಹೋಯಿತು.

ಆದುದರಿಂದ ಯಂತ್ರವು ಚಾಲಕನ ವೃತ್ತಿಯನ್ನು ಇಡಿಯಾಗಿ ನುಂಗುವುದಿಲ್ಲ; ಅದರಿಂದ ಒಂದು ಪಾಲನ್ನು ಕತ್ತರಿಸಿಕೊಳ್ಳುತ್ತದೆ. ಆ ಪಾಲು ಯಾವುದು? ಊರಿನ ಓಣಿಗಳಲ್ಲ, ಗೋದಾಮಿನ ಅಂಗಳವಲ್ಲ. ನೇರವಾದ, ಅಗಲವಾದ, ಉದ್ದನೆಯ ಹೆದ್ದಾರಿ. ಸಂಸ್ಥೆಗಳ ಯೋಜನೆ ಸ್ಥೂಲವಾಗಿ ಹೀಗಿದೆ: ನಗರದ ಅಂಚಿನಲ್ಲಿ ಒಂದು ನಿಲ್ದಾಣ. ಊರೊಳಗಿನಿಂದ ಅಲ್ಲಿಯವರೆಗೆ ಮನುಷ್ಯನು ಸರಕನ್ನು ತರುತ್ತಾನೆ. ಅಲ್ಲಿಂದ ಮುಂದಿನ ನಗರದ ಅಂಚಿನವರೆಗೆ ಯಂತ್ರ ಒಯ್ಯುತ್ತದೆ. ಅಲ್ಲಿ ಇನ್ನೊಬ್ಬ ಮನುಷ್ಯನು ಬಂದು ಸರಕನ್ನು ಊರೊಳಗೆ ಮುಟ್ಟಿಸುತ್ತಾನೆ. ಅಮೆರಿಕದ ನಿಯಮದಂತೆ ಚಾಲಕನು ಹನ್ನೊಂದು ಗಂಟೆಗಳ ಕಾಲ ಲಾರಿಯನ್ನು ನಡೆಸಿದ ಮೇಲೆ ಹತ್ತು ಗಂಟೆಗಳ ವಿರಾಮ ಪಡೆಯಲೇಬೇಕು. ಯಂತ್ರಕ್ಕೆ ನಿದ್ದೆಯಿಲ್ಲ. ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಲಾಭವೆಲ್ಲ ಅಡಗಿರುವುದು ಈ ನಿದ್ದೆಯ ಲೆಕ್ಕದಲ್ಲಿಯೇ.

ಹೀಗೆ ಎಣಿಸಿದಾಗ ಅಪಾಯಕ್ಕೆ ಒಳಗಾಗುವವರ ಸಂಖ್ಯೆ 22 ಲಕ್ಷವಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸ್ಟೀವ್ ವಿಸೆಲ್ಲಿ ಎಂಬ ಸಮಾಜಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಸುಮಾರು 2 ಲಕ್ಷ 94 ಸಾವಿರ ಎಂದು ಅಂದಾಜು ಮಾಡಿದರು. ಇವರು ಪುಸ್ತಕ ನೋಡಿ ಬರೆದವರಲ್ಲ; ಸ್ವತಃ ಲಾರಿ ನಡೆಸಲು ಕಲಿತು, ಕೆಲವು ತಿಂಗಳು ದೂರದ ದಾರಿಗಳಲ್ಲಿ ದುಡಿದವರು. ಬೇರೆ ಇಬ್ಬರು ಅರ್ಥಶಾಸ್ತ್ರಜ್ಞರ ಲೆಕ್ಕ 3ರಿಂದ 4 ಲಕ್ಷದ ನಡುವೆ ಬಂದಿತು. ಮೊದಲು ಕೇಳಿಬಂದ ಲೆಕ್ಕಕ್ಕಿಂತ ಇದು ಎಷ್ಟೋ ಕಡಿಮೆ, ನಿಜ. ಆದರೆ ಮೂರು ಲಕ್ಷ ಮನೆಗಳ ಒಲೆಗಳು ಸಣ್ಣ ಸಂಗತಿಯಲ್ಲ.

ಈ ಮೂರು ಲಕ್ಷ ಕೆಲಸಗಳೂ ಒಂದೇ ಬಗೆಯವಲ್ಲ. ಸುಮಾರು 83 ಸಾವಿರ ಕೆಲಸಗಳು ಆ ವೃತ್ತಿಯಲ್ಲಿಯೇ ಉತ್ತಮವಾದವು. ಸಂಬಳವೂ ಗೌರವವೂ ಇರುವಂಥವು. ಉಳಿದವುಗಳಲ್ಲಿ ಚಾಲಕನ ಬಾಳು ಕಠಿಣ. ಅವನಿಗೆ ಕೂಲಿ ಸಿಗುವುದು ಕ್ರಮಿಸಿದ ಮೈಲಿಯ ಲೆಕ್ಕದಲ್ಲಿ. ಗೋದಾಮಿನ ಮುಂದೆ ಗಂಟೆಗಟ್ಟಲೆ ಕಾದರೆ ಆ ಕಾಲಕ್ಕೆ ಅನೇಕ ವೇಳೆ ಕಾಸಿಲ್ಲ. ವಾರಗಟ್ಟಲೆ ಮನೆಯ ಮುಖ ಕಾಣದೆ ಲಾರಿಯಲ್ಲಿಯೇ ಮಲಗಬೇಕು. ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದಲ್ಲಿ ನೂರು ಚಾಲಕರಿದ್ದೆಡೆ ತೊಂಬತ್ತು ಸಲ ಹೊಸಬರನ್ನು ತುಂಬಿಕೊಳ್ಳಬೇಕಾದ ವರ್ಷಗಳೂ ಉಂಟು. ಈ ದುರವಸ್ಥೆಯನ್ನು ತಂದುದು ಯಾವ ಯಂತ್ರವೂ ಅಲ್ಲ. 1980ರಲ್ಲಿ ಅಮೆರಿಕ ಸರ್ಕಾರವು ಒಂದು ಕಾಯಿದೆಯ ಮೂಲಕ ಲಾರಿ ಸಾಗಣೆಯ ಮೇಲಿನ ದರ ಮತ್ತು ಪರವಾನಗಿಯ ಕಟ್ಟುಪಾಡುಗಳನ್ನು ಸಡಿಲಿಸಿತು. ಸಾಗಣೆಯ ದರ ಇಳಿಯಿತು, ಪೈಪೋಟಿ ಏರಿತು, ಚಾಲಕರ ಸಂಘವು ಬಲಗುಂದಿತು, ಕೂಲಿಯೂ ಇಳಿಯಿತು. ಬರಿಯ ಕಾಗದದ ಮೇಲಿನ ಒಂದು ಕಾಯಿದೆ ಎಷ್ಟು ಬಲವಾದ ಯಂತ್ರವಾಗಬಲ್ಲುದೆಂಬುದನ್ನು ಇಲ್ಲಿ ಕಾಣಬಹುದು.

ಇಂತಹ ಕಷ್ಟದ ಕೆಲಸ ಹೋದರೆ ಹೋಗಲಿ ಎಂದು ಕೆಲವರು ಹೇಳುತ್ತಾರೆ. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಹಳೆಯ ಪ್ರಸಂಗವೊಂದು ನೆನಪಾಗುತ್ತದೆ. ಹೆದ್ದಾರಿಯ ಬದಿಯ ಒಂದು ಊರಿನಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ದೊಡ್ಡವರಾದ ಮೇಲೆ ಏನಾಗುವಿರೆಂದು ತರಗತಿಯಲ್ಲಿ ಕೇಳಿದೆ. ಡಾಕ್ಟರು, ಇಂಜಿನಿಯರು ಎಂಬ ಉತ್ತರಗಳ ನಡುವೆ ಒಬ್ಬ ಹುಡುಗನು ಎದ್ದು ನಿಂತು "ಲಾರಿ ಡ್ರೈವರ್, ಸಾರ್" ಎಂದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕಿರಬೇಕು. ಅವನು ಕುಳಿತುಕೊಳ್ಳಲಿಲ್ಲ. "ನಮ್ಮಪ್ಪ ರಾತ್ರಿಯೆಲ್ಲ ನಡೆಸುತ್ತಾರೆ, ಸಾರ್. ಬೆಳಗಾಗುವುದರೊಳಗೆ ಪೇಟೆಗೆ ಈರುಳ್ಳಿ ಮುಟ್ಟಿರುತ್ತದೆ" ಎಂದನು. ಕಷ್ಟದ ಕೆಲಸ ಬೇರೆ, ಬೇಡದ ಕೆಲಸ ಬೇರೆ. ಅದನ್ನು ಮಾಡುವವನನ್ನು ಕೇಳದೆ, ಅದು ಹೋದರೆ ಒಳ್ಳೆಯದೆಂದು ನಾವು ತೀರ್ಮಾನಿಸುವುದು ಉಚಿತವಲ್ಲ.

ಯಂತ್ರ ಬಂದಾಗ ದುಡಿಯುವವನನ್ನು ಕೇಳಿದ ಒಂದು ಸಂದರ್ಭ ಇತಿಹಾಸದಲ್ಲಿದೆ. ವಿಚಿತ್ರವೆಂದರೆ ಆ ಕಥೆ ಪ್ರಾರಂಭವಾಗುವುದು ಒಬ್ಬ ಲಾರಿಯವನಿಂದಲೇ. ಮಾಲ್ಕಮ್ ಮೆಕ್ಲೀನ್ ಎಂಬಾತನು 1930ರ ದಶಕದಲ್ಲಿ ಒಂದು ಹಳೆಯ ಲಾರಿಯಿಂದ ವ್ಯಾಪಾರ ತೊಡಗಿ, ಮುಂದೆ ದೊಡ್ಡ ಸಾಗಣೆ ಕಂಪನಿಯ ಒಡೆಯನಾದನು. ಹತ್ತಿಯ ಮೂಟೆಗಳನ್ನು ಬಂದರಿಗೆ ತಂದು, ಕೂಲಿಗಳು ಒಂದೊಂದಾಗಿ ಇಳಿಸಿ ಹಡಗಿಗೆ ಏರಿಸುವುದನ್ನು ದಿನವೆಲ್ಲ ನೋಡುತ್ತ ಕಾದಿದ್ದೆನೆಂದು ಅವನೇ ಹೇಳಿಕೊಂಡಿದ್ದಾನೆ. ಲಾರಿಯ ಮೇಲಿನ ಪೆಟ್ಟಿಗೆಯನ್ನೇ ಸರಕಿನ ಸಮೇತ ಎತ್ತಿ ಹಡಗಿನಲ್ಲಿಟ್ಟರೆ? 1956ರ ಏಪ್ರಿಲ್ 26ರಂದು ಅವನ 'ಐಡಿಯಲ್ ಎಕ್ಸ್' ಎಂಬ ಹಡಗು ಅಂಥ 58 ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕ್ ಬಂದರಿನಿಂದ ಹೊರಟಿತು. ಅದು ಹೋಗಿ ಸೇರಿದುದು, ಈ ಪಾಠದ ಮೊದಲಿಗೆ ಬಂದ ಹ್ಯೂಸ್ಟನ್ ನಗರವನ್ನೇ. ಬಿಡಿಸರಕನ್ನು ಹಡಗಿಗೆ ಏರಿಸಲು ಟನ್ನಿಗೆ 5 ಡಾಲರು 83 ಸೆಂಟುಗಳಷ್ಟು ಖರ್ಚಾಗುತ್ತಿದ್ದ ಕಾಲ ಅದು. ಈ ಪೆಟ್ಟಿಗೆಗಳಿಗೆ ತಗಲಿದುದು ಟನ್ನಿಗೆ 16 ಸೆಂಟುಗಳಿಗಿಂತ ಕಡಿಮೆ. ಅಂದಿನಿಂದ ಬಂದರಿನ ಕೂಲಿಯ ಬೆನ್ನಿಗೆ ಬೆಲೆ ಇಳಿಯತೊಡಗಿತು.

ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರಿಗೆ ಹ್ಯಾರಿ ಬ್ರಿಡ್ಜಸ್ ಎಂಬವರು ನಾಯಕರಾಗಿದ್ದರು. ಅವರು ಹಡಗಿನ ಒಡೆಯರೊಡನೆ ಹಲವು ಮುಷ್ಕರಗಳನ್ನು ಹೂಡಿ ಹಣ್ಣಾಗಿದ್ದವರು. ಆದರೂ ಯಂತ್ರವನ್ನು ತಡೆದು ನಿಲ್ಲಿಸಲಾಗದೆಂದು ಅವರಿಗೆ ಅನ್ನಿಸಿತು. ತಡೆಯಲಾಗದ ಮೇಲೆ ಅದರ ಲಾಭದಲ್ಲಿ ಪಾಲು ಕೇಳುವುದು ಮೇಲೆಂದು ಅವರು ತರ್ಕಿಸಿದರು. 1960ರಲ್ಲಿ ಒಪ್ಪಂದವಾಯಿತು. ಒಡೆಯರು ಬೇಕಾದ ಯಂತ್ರಗಳನ್ನು ತರಬಹುದು. ಪ್ರತಿಯಾಗಿ ಅವರು ವರ್ಷಕ್ಕೆ ಸುಮಾರು 50 ಲಕ್ಷ ಡಾಲರುಗಳನ್ನು ಒಂದು ನಿಧಿಗೆ ಕಟ್ಟಬೇಕು. ಯಂತ್ರದ ಕಾರಣದಿಂದ ನೋಂದಾಯಿತ ಕೆಲಸಗಾರನಾರನ್ನೂ ತೆಗೆಯಕೂಡದು. ಬಹುಕಾಲ ದುಡಿದವರು ಬೇಗನೆ ನಿವೃತ್ತರಾಗಬಯಸಿದರೆ ನಿಧಿಯಿಂದ ಸುಮಾರು 8 ಸಾವಿರ ಡಾಲರು ಕೊಡಬೇಕು. ಮುದುಕರು ಗೌರವದಿಂದ ಮನೆಗೆ ಹೋದರು. ಈ ಒಪ್ಪಂದದಲ್ಲಿಯೂ ಕೊರತೆಯಿತ್ತು. ಅಂದು ಸಂಘದಲ್ಲಿದ್ದವರಿಗೆ ರಕ್ಷಣೆ ಸಿಕ್ಕಿತು. ಅವರ ಮಕ್ಕಳಿಗೆ ಬಂದರಿನಲ್ಲಿ ಅಷ್ಟು ಕೆಲಸ ಉಳಿಯಲಿಲ್ಲ. ಸಾನ್ ಫ್ರಾನ್ಸಿಸ್ಕೋದ ಹಳೆಯ ಹಡಗುಕಟ್ಟೆಗಳು ಬರಿದಾಗಿ, ವ್ಯಾಪಾರವು ಕೊಲ್ಲಿಯ ಆಚೆಯ ಓಕ್ಲೆಂಡಿಗೆ ಸರಿಯಿತು.

ಇಂದಿನ ಲಾರಿ ಚಾಲಕರಿಗೆ ಬ್ರಿಡ್ಜಸ್‌ರಂಥ ನಾಯಕರು ದೊರೆತರೂ ಅಂಥ ಒಪ್ಪಂದ ಸುಲಭವಲ್ಲ. ಬಂದರಿನ ಕೂಲಿಗಳು ಒಂದೆಡೆ ಸೇರುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿತ್ತು. ದೂರದ ದಾರಿಯ ಲಾರಿ ಚಾಲಕನಾದರೋ ಒಂಟಿ. ಅವರಲ್ಲಿ ಬಹುಮಂದಿ ಯಾವ ಸಂಘಕ್ಕೂ ಸೇರಿದವರಲ್ಲ. ಅನೇಕರು ಸಾಲ ಮಾಡಿ ಕೊಂಡ ಸ್ವಂತ ಲಾರಿಯ ಒಡೆಯರು. ಕಾಗದದ ಮೇಲೆ ವ್ಯಾಪಾರಿಗಳು, ದಾರಿಯಲ್ಲಿ ಕೂಲಿಗಳು. ಲಾಭದ ಪಾಲನ್ನು ಅವರು ಯಾರ ಬಳಿ ಕೇಳಬೇಕು?

ಯಂತ್ರವು ಹೊಸ ಕೆಲಸಗಳನ್ನೂ ಹುಟ್ಟಿಸುತ್ತದೆ ಎಂಬ ಸಮಾಧಾನದ ಮಾತಿದೆ. ಅದು ಸುಳ್ಳಲ್ಲ. ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿರುವ ಪಿಲ್ಬರಾ ಪ್ರದೇಶದ ಕಬ್ಬಿಣದ ಗಣಿಗಳಲ್ಲಿ 2008ರಿಂದಲೇ ರಿಯೊ ಟಿಂಟೊ ಕಂಪನಿಯು ಸಾರಥಿಯಿಲ್ಲದ ಲಾರಿಗಳನ್ನು ಬಳಸತೊಡಗಿತು. ಮುನ್ನೂರು ಟನ್ನಿನಷ್ಟು ಅದಿರನ್ನು ಒಮ್ಮೆಗೇ ಹೊರುವ ಲಾರಿಗಳವು. ಅವುಗಳ ಮೇಲೆ ಕಣ್ಣಿಟ್ಟಿರುವ ನೌಕರರು ಕುಳಿತಿರುವುದು ಸುಮಾರು 1,500 ಕಿಲೋಮೀಟರು ದೂರದ ಪರ್ತ್ ನಗರದ ತಂಪಾದ ಕೊಠಡಿಯಲ್ಲಿ. ಹೊಸ ಕೆಲಸ ಹುಟ್ಟಿತು. ಆದರೆ ಬೇರೆ ಊರಿನಲ್ಲಿ, ಬೇರೆ ವಿದ್ಯೆ ಕಲಿತವನಿಗೆ ಹುಟ್ಟಿತು. ಐವತ್ತೈದು ವರ್ಷದ ಚಾಲಕನು ಹೊಸ ವಿದ್ಯೆಯನ್ನು ಕಲಿಯಲಾರನೆಂದು ನಾನು ಹೇಳುವುದಿಲ್ಲ. ಕಲಿಯುವವರೆಗೆ ಅವನ ಮನೆಯ ಬಾಡಿಗೆಯನ್ನು ಯಾರು ಕೊಡುತ್ತಾರೆ ಎಂಬುದೇ ಪ್ರಶ್ನೆ.

ಇನ್ನು ಯಂತ್ರದ ಪರವಾದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಅಮೆರಿಕದಲ್ಲಿ 2022ರಲ್ಲಿ ದೊಡ್ಡ ಲಾರಿಗಳ ಅಪಘಾತಗಳಲ್ಲಿ 5,900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಲಾರಿಯಲ್ಲಿದ್ದವರಲ್ಲ, ಎದುರಿಗೆ ಅಥವಾ ಪಕ್ಕದಲ್ಲಿ ಬಂದ ಬಡಪಾಯಿಗಳು. ಯಂತ್ರವು ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಫೋನಿನ ಕಡೆ ನೋಡುವುದಿಲ್ಲ. ನಿಜವಾಗಿಯೂ ಅದು ಮನುಷ್ಯನಿಗಿಂತ ಸುರಕ್ಷಿತವೆಂದು ದೀರ್ಘಕಾಲದ ಅನುಭವದಿಂದ ಸಿದ್ಧವಾದರೆ, ನೌಕರಿಯ ಹೆಸರಿನಲ್ಲಿ ಅದನ್ನು ದೂರವಿಡುವುದು ಕಷ್ಟವಾದೀತು. ಆ ಅನುಭವ ಇನ್ನೂ ಚಿಕ್ಕದು.

ಸರ್ಕಾರಗಳು ಒಂದೊಂದು ದಾರಿ ಹಿಡಿದಿವೆ. ಟೆಕ್ಸಸ್ ರಾಜ್ಯವು 2017ರಲ್ಲಿಯೇ ಕಾನೂನು ಮಾಡಿ ಇಂತಹ ವಾಹನಗಳಿಗೆ ಬಾಗಿಲು ತೆರೆಯಿತು. ಕ್ಯಾಲಿಫೋರ್ನಿಯಾದ ಶಾಸನಸಭೆಯು ಭಾರಿ ಲಾರಿಯಲ್ಲಿ ಮನುಷ್ಯನಿರಲೇಬೇಕೆಂಬ ಮಸೂದೆಯನ್ನು 2023ರಲ್ಲಿಯೂ 2024ರಲ್ಲಿಯೂ ಅಂಗೀಕರಿಸಿತು. ಎರಡು ಸಲವೂ ಗವರ್ನರು ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ನಮ್ಮ ದೇಶದ ಸಾರಿಗೆ ಸಚಿವರಾದ ನಿತಿನ್ ಗಡ್ಕರಿಯವರು 2017ರಲ್ಲಿ, ಮತ್ತೆ 2023ರಲ್ಲಿ, ಚಾಲಕರ ಉದ್ಯೋಗ ಹೋಗುವುದಾದರೆ ಸಾರಥಿಯಿಲ್ಲದ ವಾಹನಗಳಿಗೆ ಭಾರತದಲ್ಲಿ ಅವಕಾಶವಿಲ್ಲವೆಂದರು. ಇಲ್ಲಿಯ ರಸ್ತೆಗಳಲ್ಲಿ ಎತ್ತು, ಸೈಕಲ್ಲು, ಮೆರವಣಿಗೆಗಳ ನಡುವೆ ದಾರಿ ಹುಡುಕುವುದು ಯಂತ್ರಕ್ಕೂ ಸುಲಭವಲ್ಲ ಎಂಬುದು ಬೇರೆ ಮಾತು. ನಮ್ಮಲ್ಲಿ ಲಾರಿ ಚಾಲಕನ ಕೋಣೆಗೆ ಹವಾನಿಯಂತ್ರಣ ಇರಲೇಬೇಕೆಂಬ ನಿಯಮ ಅನ್ವಯವಾದುದೇ 2025ರ ಅಕ್ಟೋಬರಿನಿಂದ ತಯಾರಾಗುವ ವಾಹನಗಳಿಗೆ. ಬಿಸಿಲಿನಲ್ಲಿ ಬೇಯುವ ಮನುಷ್ಯನ ನೆನಪು ನಮಗೆ ತಡವಾಗಿ ಬಂದಿತು. ನಿಷೇಧವೊಂದರಿಂದಲೇ ಯಂತ್ರವನ್ನು ಎಂದೆಂದಿಗೂ ತಡೆಯಬಹುದೆಂದು ನನಗೆ ತೋರುವುದಿಲ್ಲ. ಆದರೆ ಅದರಿಂದ ದೊರೆಯುವ ಕಾಲಾವಕಾಶಕ್ಕೆ ಬೆಲೆಯಿದೆ. ಬಂದರಿನ ಕಾರ್ಮಿಕರು ಒಪ್ಪಂದ ಮಾಡಿಕೊಂಡುದು ಯಂತ್ರವು ಕೆಲಸವನ್ನು ನುಂಗಿದ ಮೇಲಲ್ಲ, ನುಂಗುವ ಮುನ್ನ.

ಟೆಕ್ಸಸ್‌ನ ಆ ಲಾರಿಯ ಕಥೆಗೆ ಒಂದು ಚಿಕ್ಕ ಉತ್ತರಭಾಗವಿದೆ. ಸುದ್ದಿ ಪ್ರಕಟವಾದ ಕೆಲವೇ ವಾರಗಳಲ್ಲಿ, ಲಾರಿಯನ್ನು ತಯಾರಿಸಿದ ಕಂಪನಿಯು ಅದರ ಕೆಲವು ಭಾಗಗಳು ಇನ್ನೂ ಪ್ರಾಯೋಗಿಕವಾದವು, ಆದುದರಿಂದ ಮುಂದಿನ ಆಸನದಲ್ಲಿ ಒಬ್ಬ ಮನುಷ್ಯನಿರಲಿ ಎಂದು ಕೇಳಿಕೊಂಡಿತು. ಅರೋರಾ ಸಂಸ್ಥೆಯು, ಸುರಕ್ಷಣೆಗೆ ಅದರ ಅಗತ್ಯವಿಲ್ಲವೆಂದು ಹೇಳುತ್ತಲೇ, ಒಪ್ಪಿಕೊಂಡಿತು. ಬರಿದಾಗಿದ್ದ ಆಸನಕ್ಕೆ ಮನುಷ್ಯನು ಮರಳಿದನು. ಅವನು ಲಾರಿಯನ್ನು ನಡೆಸಬೇಕಾಗಿರಲಿಲ್ಲ; ನೋಡುತ್ತ ಕುಳಿತಿರಬೇಕಾಗಿತ್ತು, ಅಷ್ಟೆ. ಹೊರಡುವ ಮುನ್ನ ನಿಲ್ದಾಣದಲ್ಲಿ ಬೇರೊಬ್ಬನು ಸುತ್ತಲೂ ನಡೆದು ಟೈರುಗಳನ್ನೂ ಬ್ರೇಕುಗಳನ್ನೂ ದೀಪಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತಿದ್ದನು. ಲಾರಿ ಹೆದ್ದಾರಿಯ ಕಡೆಗೆ ಹೊರಟ ಮೇಲೆ ಅವನು ಸಾಲಿನಲ್ಲಿದ್ದ ಮುಂದಿನ ಲಾರಿಯ ಬಳಿಗೆ ನಡೆಯುತ್ತಿದ್ದನು.